ಘಟ ಕಟ್ಟಲು ಒಂದು ಕೊಂಬೆ

ಸುಂದರಾಬಾಯಿ ಕಣ್ಣು ಮುಚ್ಚುವ ಹಿಂದಿನ ದಿನ ಗಂಡನಿಗೆ ಹೇಳಿದ್ದು ಒಂದೇ ಮಾತು. "ಬ್ಯಾಸಗ್ಯಾಗ ಅವಗ ನೀರು ತಪ್ಪಸಬ್ಯಾಡ್ರಿ."

ಅವನು ಎಂದರೆ ಯಾರು ಎಂದು ವಾಸುದೇವ ಮಾಸ್ತರರು ಕೇಳಬೇಕಾಗಿರಲಿಲ್ಲ. ಬೆಟಗೇರಿಯ ಆ ಓಣಿಯಲ್ಲಿ ಅವರ ಮನೆಯ ಎದುರಿಗೇ ಕಲ್ಲುಕಟ್ಟೆಯ ಮೇಲೆ ನಿಂತಿದ್ದ ಅರಳಿ ಮರವೇ ಅವನು. ಮದುವೆಯಾಗಿ ಹನ್ನೆರಡು ವರ್ಷವಾದರೂ ತೊಟ್ಟಿಲು ಕಟ್ಟದ ಮನೆ ಅವರದು. ಅಶ್ವತ್ಥವನ್ನು ನೆಟ್ಟು ಮಗನಂತೆ ಸಾಕಿ, ಎಂಟನೆಯ ವರ್ಷಕ್ಕೆ ಮುಂಜಿ ಮಾಡಿದರೆ ಸಂತಾನವಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದ್ದರಿಂದ ಗಂಡ ಹೆಂಡತಿ ಸೊರಟೂರಿನಿಂದ ಗೇಣುದ್ದದ ಸಸಿ ತಂದು ನೆಟ್ಟಿದ್ದರು. ಸಂತಾನವೇನೂ ಆಗಲಿಲ್ಲ. ಆದರೆ ಎಂಟು ವರ್ಷ ಕೊಡದಲ್ಲಿ ನೀರು ಹೊತ್ತು ಸಾಕಿದ ಮೇಲೆ ಸುಂದರಾಬಾಯಿಗೆ ಬೇರೆ ಮಗ ಬೇಕು ಎಂದು ಅನ್ನಿಸಲೂ ಇಲ್ಲ.

ಮುಂಜಿ ಶಾಸ್ತ್ರೋಕ್ತವಾಗಿ ಆಯಿತು. ಮಾತೃಭೋಜನದ ಹೊತ್ತಿಗೆ ತಾಯಿ ಮಗ ಒಂದೇ ಎಲೆಯಲ್ಲಿ ಉಣ್ಣಬೇಕಲ್ಲ. ಸುಂದರಾಬಾಯಿ ಕಟ್ಟೆಯ ಮೇಲೆ ಬಾಳೆಎಲೆ ಹಾಸಿ, ಒಂದು ತುತ್ತು ಬೇರಿಗಿಟ್ಟು, ಒಂದು ತುತ್ತು ತಾನು ಉಂಡಳು. ನೋಡುತ್ತ ನಿಂತ ಹುಡುಗರು ನಕ್ಕರು. "ನಗ್ರಿ, ನಗ್ರಿ. ನಿಮ್ಮವ್ವಂದಿರು ಉಣಿಸಿದ್ದು ನಿಮಗ ನೆನಪಿರೂದಿಲ್ಲ, ಇವಗ ಇರತದ" ಎಂದಳು. ಮುಂಜಿಯಾದ ಅಶ್ವತ್ಥಕ್ಕೆ ಬೇವಿನೊಂದಿಗೆ ಮದುವೆ ಮಾಡುವುದು ಪದ್ಧತಿ. ಎರಡು ಸಲ ಬೇವಿನ ಸಸಿ ನೆಟ್ಟರು. ಎರಡು ಸಲವೂ ಆಡು ತಿಂದವು. "ನಮ್ಮ ಮಗಗೂ ಕನ್ಯಾ ಸಿಗವಲ್ದು ನೋಡ್ರಿ" ಎಂದು ಆಕೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಮಗ ಬ್ರಹ್ಮಚಾರಿಯಾಗಿಯೇ ಉಳಿದ. ವರ್ಷವರ್ಷ ನೂಲ ಹುಣ್ಣಿಮೆಯ ದಿನ ಮಾಸ್ತರರು ತಮ್ಮ ಜನಿವಾರ ಬದಲಿಸಿದ ಮೇಲೆ ಅವನ ಬೊಡ್ಡೆಗೂ ಹೊಸ ಜನಿವಾರ ಸುತ್ತುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಂಡರೂ, ಮಧ್ಯಾಹ್ನದ ಬಿಸಿಲಿಗೆ ಅದೇ ನೆರಳನ್ನು ಹುಡುಕಿಕೊಂಡು ಬಂದು ಕೂಡುತ್ತಿದ್ದರು.

ಇನ್ನೊಂದು ಕೆಲಸಕ್ಕೂ ಆ ಮರ ಬೇಕಾಗುತ್ತಿತ್ತು. ಮಾಸ್ತರರ ಮಂದಿಯಲ್ಲಿ ಯಾರಾದರೂ ತೀರಿಕೊಂಡರೆ ಹತ್ತು ದಿನ ಅರಳಿಯ ಕೊಂಬೆಗೆ ಮಣ್ಣಿನ ಘಟ ಕಟ್ಟುತ್ತಾರೆ. ಅದರ ತಳಕ್ಕೆ ಸಣ್ಣ ತೂತು ಮಾಡಿ ದರ್ಭೆ ಸಿಕ್ಕಿಸಿರುತ್ತಾರೆ. ದಿನಾಲೂ ನೀರು ತುಂಬಬೇಕು. ಅದು ಹನಿ ಹನಿಯಾಗಿ ಬೇರಿನ ಮೇಲೆ ಬೀಳುತ್ತಿದ್ದರೆ ಹೋದ ಜೀವದ ನೀರಡಿಕೆ ತೀರುತ್ತದೆ. ಓಣಿಯಲ್ಲಿ ತೀರಿಹೋದವರ ಘಟಗಳೆಲ್ಲ ಆ ಮರದ ಒಂದೇ ಕೊಂಬೆಗೆ ತೂಗಿದ್ದವು. ಹೋದ ಭಾದ್ರಪದದಲ್ಲಿ ಸುಂದರಾಬಾಯಿಯ ಘಟವೂ ಅಲ್ಲೇ ತೂಗಿತು. ಮಗನಿದ್ದೂ ಇಲ್ಲದವಳಂತೆ ಹೋದಳು ಎಂದು ಯಾರೂ ಅನ್ನಲಿಲ್ಲ.

ಈಗ ಆಕೆಯಿಲ್ಲದ ಮೊದಲ ಬೇಸಿಗೆ. ನಳಕ್ಕೆ ನೀರು ಬರುವುದು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ. ಮಾಸ್ತರರು ಅಣ್ಣನ ಮಗ ವಿಶ್ರುತನ ಸಂಸಾರದೊಂದಿಗಿದ್ದರು. ಮನೆಯಲ್ಲಿ ಮಕ್ಕಳು ಮರಿ ಇದ್ದವು, ನೀರಿಗೆ ಎಳೆದಾಟವಿತ್ತು. ಆದರೂ ತಮ್ಮ ಪಾಲಿನ ಸ್ನಾನದ ನೀರಿನಲ್ಲಿ ಅರ್ಧ ತೆಗೆದಿಟ್ಟು, ದಿನಾ ಮುಂಜಾನೆ ಎರಡು ಬಿಂದಿಗೆ ಬುಡಕ್ಕೆ ಹಾಕುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ ಬೆನ್ನು ಬಗ್ಗಿತ್ತು. ವಿಶ್ರುತನ ಹೆಂಡತಿ ಶ್ರೀಲಕ್ಷ್ಮೀ "ಕಾಕಾ, ಅಷ್ಟ ದೊಡ್ಡ ಗಿಡಕ್ಕ ನಿಮ್ಮ ಬಿಂದಿಗಿ ಎಲ್ಲಿಗೆ ಸಾಲಬೇಕು?" ಎಂದು ಕೇಳಿದರೆ, "ದೊಡ್ಡಾಂವ ಆದ ಅಂತ ಮಗಗ ಊಟಕ್ಕ ಹಾಕೂದು ಬಿಡತೀಯೇನವಾ?" ಎನ್ನುತ್ತಿದ್ದರು.

ಯುಗಾದಿಗೆ ಎಂಟು ದಿನ ಇರುವಾಗ ಶಿರಹಟ್ಟಿಯ ಕಡೆಯ ಹುಡುಗಿಯೊಬ್ಬಳು ಓಣಿಗೆ ಬಂದಳು. ಹೆಸರು ವಿದ್ಯಾಶ್ರೀ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ತಟ್ಟೆಯಷ್ಟು ಅಗಲದ ಟ್ಯಾಬ್. ಊರಿನ ಓಣಿಗಳನ್ನು ಹಸಿರು ಮಾಡುವ ಯೋಜನೆಯೊಂದು ಬಂದಿದೆ, ಎಲ್ಲಿ ಯಾವ ಗಿಡ ಬೇಕು ಎಂದು ಓಣಿಯವರೇ ತೋರಿಸಬೇಕು ಎಂದಳು. ಟ್ಯಾಬನ್ನು ಓಣಿಯ ಕಡೆ ಹಿಡಿದರೆ ಗಾಜಿನಲ್ಲಿ ಓಣಿ ಇದ್ದ ಹಾಗೇ ಕಾಣುತ್ತಿತ್ತು: ಒಡೆದ ಗಟಾರು, ತಿಪ್ಪೆ, ಒಣಗಲು ಹಾಕಿದ ಹಾಸಿಗೆ, ಮಲಗಿದ ನಾಯಿ. ಕೆಳಗೆ ಸಾಲಾಗಿ ಗಿಡಗಳ ಚಿತ್ರಗಳಿದ್ದವು. ಬೇಕಾದ ಗಿಡವನ್ನು ಬೆರಳಿನಿಂದ ಎಳೆದು ತಂದು ಓಣಿಯಲ್ಲಿ ಬಿಟ್ಟರೆ, ಅದು ಅಲ್ಲೇ ಬೇರೂರಿದಂತೆ ನಿಲ್ಲುತ್ತಿತ್ತು. ಎಲೆ ಅಲುಗುತ್ತಿದ್ದವು. ಟ್ಯಾಬ್ ಹಿಡಿದು ಸುತ್ತ ನಡೆದರೆ ಮರದ ಹಿಂಬದಿಯೂ ಕಾಣುತ್ತಿತ್ತು. ಟ್ಯಾಬ್ ಕೆಳಗಿಳಿಸಿದರೆ ಏನೂ ಇಲ್ಲ; ಅದೇ ಬಿಸಿಲು, ಅದೇ ಗಟಾರು.

ಕಟ್ಟೆಯ ಮೇಲೆ ಕುಳಿತು ಹೂ ಮಾರುವ ಸುಮಿತ್ರವ್ವ ಮೊದಲು ನೋಡಿದಳು.

"ಇದರಾಗಿನ ಗಿಡದ್ದು ನೆಳ್ಳ ಬೀಳತೈತೇನವಾ?"

"ಇಲ್ಲಬೇ ಯವ್ವಾ, ಇದು ಬರೇ ನೋಡಾಕ."

"ಹಂಗಾರ ಇದನ್ನ ತಗೊಂಡ ನಾ ಏನ ಮಾಡ್ಲಿ? ನನ್ನ ಹೂವು ಬಾಡೂದು ಖರೆ ಬಿಸಲಿಗೆ."

"ನೀವು ಇಲ್ಲಿ ಇಟ್ಟಿದ್ದನ್ನ ನೋಡಿ ಆಮ್ಯಾಲ ಖರೇನ ಹಚ್ಚತಾರ್ರಿ."

"ಹಂಗೇನು? ಹಂಗಾರ ಆ ತಿಪ್ಪಿ ಮ್ಯಾಲ ಒಂದು ಮಾವಿನ ಗಿಡ ಇಡು. ಗೊಬ್ಬರ ತಯಾರ ಐತಿ."

ನೆರೆದವರೆಲ್ಲ ನಕ್ಕರು. ಒಬ್ಬರು ತೆಂಗು ಇಟ್ಟರು, ಒಬ್ಬರು ಸಂಪಿಗೆ ಇಟ್ಟರು. ಅರ್ಧ ತಾಸಿನಲ್ಲಿ ಗಾಜಿನೊಳಗಿನ ಓಣಿ ತೋಪಾಯಿತು. ಅಷ್ಟರಲ್ಲಿ ಶ್ರೀಲಕ್ಷ್ಮೀ ಎಲ್ಲರಿಗೂ ಚಹಾ ತಂದಳು. ವಿದ್ಯಾಶ್ರೀ ಟ್ಯಾಬನ್ನು ಮಾಸ್ತರರ ಕೈಗೆ ಕೊಟ್ಟು, "ಅಜ್ಜಾರ, ನೀವೂ ಒಂದು ಇಡ್ರಿ. ಇಟ್ಟು ಕೆಳಗ ಬೆರಳಿಂದ ನಿಮ್ಮ ಹೆಸರು ಬರೀರಿ" ಎಂದು ಚಹಾದ ಕಪ್ಪು ತೆಗೆದುಕೊಂಡು ಸುಮಿತ್ರವ್ವನ ಪಕ್ಕದಲ್ಲಿ ಕುಳಿತಳು.

ಮಾಸ್ತರರು ಟ್ಯಾಬನ್ನು ತಮ್ಮ ಮರದ ಕಡೆ ತಿರುಗಿಸಿದರು. ತಿರುಗಿಸಿದ ಕೂಡಲೇ ಅವರಿಗೆ ನಾಚಿಕೆಯಾಯಿತು.

ಅದು ಎಲೆ ಉದುರುವ ಕಾಲ. ಅರಳಿ ಬೋಳಾಗಿ ನಿಂತಿತ್ತು. ಹದಿನೈದು ದಿನ ತಡೆದರೆ ಕೆಂಪು ಚಿಗುರು ಬರುತ್ತದೆ ಎಂದು ಓಣಿಯವರಿಗೆ ಗೊತ್ತು. ಆದರೆ ಈ ಚಿತ್ರವನ್ನು ಎಲ್ಲೋ ಕಚೇರಿಯಲ್ಲಿ ಕುಳಿತು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಸುತ್ತ ತೆಂಗು, ಮಾವು, ಸಂಪಿಗೆ ಹಸಿರಾಗಿ ತೊನೆಯುತ್ತಿರುವಾಗ ನಡುವೆ ಅವರ ಮಗ ಮಾತ್ರ ಸತ್ತವನಂತೆ ಕಾಣುತ್ತಿದ್ದ. ಇದು ಒಣಗಿದ ಮರ ಎಂದು ಯಾರಾದರೂ ಬರೆದುಕೊಂಡರೆ ಗತಿಯೇನು?

ಅವರು ನಿತ್ಯ ದೇವರ ಪೂಜೆ ಮಾಡುವವರು. ಪೂಜೆಯಲ್ಲಿ ವಸ್ತ್ರವಿಲ್ಲದಿದ್ದರೆ ವಸ್ತ್ರದ ಜಾಗಕ್ಕೆ ಅಕ್ಷತೆ ಹಾಕುತ್ತಾರೆ, ಆಭರಣವಿಲ್ಲದಿದ್ದರೆ ಆಭರಣಕ್ಕೂ ಅಕ್ಷತೆಯೇ. ಇಲ್ಲದ್ದನ್ನು ಇದ್ದಂತೆ ಭಾವಿಸಿ ಅರ್ಪಿಸಿದರೆ ಪೂಜೆ ಪೂರ್ಣವಾಗುತ್ತದೆ. ಮಾಸ್ತರರು ಹಾಗೆಯೇ ಯೋಚಿಸಿದರು. ಕೆಳಗಿನ ಸಾಲಿನಲ್ಲಿ ಅರಳಿಯ ಚಿತ್ರವೂ ಇತ್ತು. ಅದನ್ನು ಬೆರಳಿನಿಂದ ಎಳೆದು ತಂದು, ಸರಿಯಾಗಿ ತಮ್ಮ ಮರದ ಮೇಲೆಯೇ ಬಿಟ್ಟರು. ಬೋಳು ಕೊಂಬೆಗಳು ಮುಚ್ಚಿಹೋದವು. ಮರ ತುಂಬಿಕೊಂಡು ನಿಂತಿತು. ಎಲೆಗಳು ಪಟಪಟನೆ ಅಲುಗಿದವು. ಕನ್ಯೆಯ ಕಡೆಯವರು ನೋಡಲು ಬರುವ ದಿನ ಮಗನಿಗೆ ಹೊಸ ಅಂಗಿ ತೊಡಿಸಿದಷ್ಟು ಸಮಾಧಾನ ಅವರಿಗಾಯಿತು. ಟ್ಯಾಬ್ ಏನೋ ಕೇಳಿತು. ಹೌದು ಎಂಬಲ್ಲಿ ಒತ್ತಿದರು. ಕೆಳಗೆ, ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಅದೇ ದುಂಡು ಅಕ್ಷರದಲ್ಲಿ, ತಮ್ಮ ಹೆಸರು ಬರೆದರು.

"ಇಟ್ರೇನ್ರಿ ಅಜ್ಜಾರ?" ಎಂದಳು ವಿದ್ಯಾಶ್ರೀ.

"ಇಟ್ಟೆ ತಂಗಿ. ಛಲೋ ಕಾಣಸ್ತದ."

ಆಕೆ ಕಪ್ಪು ಕೆಳಗಿಟ್ಟು, ಟ್ಯಾಬ್ ತೆಗೆದುಕೊಂಡು, ಬಿಸಿಲೇರುವ ಮೊದಲು ಮುಂದಿನ ಓಣಿ ಮುಗಿಸಬೇಕೆಂದು ಹೋದಳು.

ಯುಗಾದಿ ಕಳೆಯಿತು. ಮರ ಚಿಗುರಿತು. ಮೊದಲು ತಾಮ್ರದ ಬಣ್ಣ, ಆಮೇಲೆ ಎಳೆ ಹಸಿರು, ವೈಶಾಖದ ಹೊತ್ತಿಗೆ ಕಟ್ಟೆಯ ತುಂಬ ನೆರಳು. ಅದು ಗಾಜಿನಲ್ಲಿ ಕಂಡ ಹಾಗೆಯೇ ಆಗಿತ್ತು. ಒಂದು ದಿನ ಬಿಂದಿಗೆ ಖಾಲಿ ಮಾಡಿ ಮೇಲೆ ನೋಡಿದ ಮಾಸ್ತರರು, "ನೋಡ ಬಾ ಇಲ್ಲೆ" ಎಂದು ಹಳೆಯ ರೂಢಿಯಂತೆ ಮನೆಯ ಕಡೆ ತಿರುಗಿ ಕೂಗಿಬಿಟ್ಟರು. ಶ್ರೀಲಕ್ಷ್ಮೀ ಒಳಗಿನಿಂದ "ಏನ್ರಿ ಕಾಕಾ?" ಎಂದಾಗ ಏನೂ ಇಲ್ಲವೆಂದು ಹೇಳಿ ಬಿಂದಿಗೆ ಎತ್ತಿಕೊಂಡರು.

ಅದೇ ತಿಂಗಳು ಲಕ್ಷ್ಮೇಶ್ವರದಲ್ಲಿ ಸುಂದರಾಬಾಯಿಯ ತಂಗಿಯ ಮೊಮ್ಮಗನ ಮುಂಜಿ ಬಂತು. ಹಿರಿಯರಾಗಿ ನೀವೇ ಬಂದು ನಿಲ್ಲಬೇಕೆಂದು ಕರೆದಿದ್ದರು. ಮಾಸ್ತರರು ಎರಡು ದಿನಕ್ಕೆ ಹೊರಟರು. ನೀರಿನ ಜವಾಬ್ದಾರಿಯನ್ನು ಸುಮಿತ್ರವ್ವನಿಗೆ ಒಪ್ಪಿಸಿದರು. "ಎರಡು ದಿವಸಕ್ಕ ನಿಮ್ಮ ಮಗ ಏನ ಸಾಯೂದಿಲ್ಲ, ಹೋಗಿ ಬರ್ರಿ ಮಾಸ್ತರ್ರ" ಎಂದು ಆಕೆ ಚೇಷ್ಟೆ ಮಾಡಿದಳು. ಆ ಮಾತು ಆಡಿದ್ದಕ್ಕೆ ಸುಮಿತ್ರವ್ವ ಆಮೇಲೆ ತನ್ನ ಬಾಯಿಗೆ ತಾನೇ ಬಡಿದುಕೊಂಡಳು.

ಮರುದಿನ ಮಧ್ಯಾಹ್ನ ಮಾಸ್ತರರು ಬಸ್ಸಿಳಿದು, ಮುಂಜಿಯ ಉಂಡಿ ಚಕ್ಕುಲಿಯ ಚೀಲ ಹಿಡಿದುಕೊಂಡು ಓಣಿಯ ತಿರುವಿಗೆ ಬಂದರು. ಮೊದಲು ಅವರ ಕಣ್ಣಿಗೆ ಬಿದ್ದದ್ದು ತಮ್ಮ ಮನೆಯ ಮುಂದಿನ ಜಗಲಿ, ಕಟಾಂಜನ. ಆ ಹೊತ್ತಿನಲ್ಲಿ ಎಂದೂ ಬಿಸಿಲು ಬೀಳದ ಆ ಕಟಾಂಜನದ ಮೇಲೆ ಬಿಸಿಲು ಧಗಧಗನೆ ಬಿದ್ದಿತ್ತು. ಬೇರೆ ಯಾರದೋ ಮನೆ ಎಂದುಕೊಂಡು ಎರಡು ಹೆಜ್ಜೆ ಮುಂದೆ ಹೋದರು. ಆಮೇಲೆ ಗರಗಸದ ಸಪ್ಪಳ ಕೇಳಿಸಿತು.

ಕಟ್ಟೆ ಒಡೆದಿತ್ತು. ಬೊಡ್ಡೆಯನ್ನು ನೆಲದ ಮಟ್ಟಕ್ಕೆ ಕೊಯ್ದಿದ್ದರು. ಕೊಯ್ದ ಗಾಯದಿಂದ ಬಿಳಿ ಹಾಲು ಒಸರಿ ಧೂಳಿನಲ್ಲಿ ಗಟ್ಟಿಯಾಗುತ್ತಿತ್ತು. ಚಿಗುರು ಬಾಡದ ಕೊಂಬೆಗಳನ್ನು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಒಂದು ದಿಮ್ಮಿಗೆ ಹೋದ ನೂಲ ಹುಣ್ಣಿಮೆಯ ಜನಿವಾರ ಇನ್ನೂ ಅಂಟಿಕೊಂಡಿತ್ತು, ಒಂದು ಕಡೆ ಕಡಿದು.

ಕೆಲಸ ಮಾಡಿಸುತ್ತಿದ್ದವನು ಗುತ್ತಿಗೆದಾರರ ಕಡೆಯ ಮೇಸ್ತ್ರಿ ಸಿದ್ದಲಿಂಗೇಶ. ಮಾಸ್ತರರ ಕೈಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನು. ನೋಡಿದ ಕೂಡಲೇ ಬಂದು ಕಾಲು ಮುಟ್ಟಿದ.

"ಬರ್ರಿ ಸರ, ನೆಳ್ಳಿಗೆ ಬರ್ರಿ" ಎಂದ. ನೆರಳು ಎಲ್ಲೂ ಇರಲಿಲ್ಲ.

"ಯಾರು ಹೇಳಿದ್ರೋ ಸಿದ್ದಾ ನಿನಗ?" ಎಂದರು ಮಾಸ್ತರರು.

"ನೀವ ಹೇಳೀರಲ್ರಿ ಸರ."

ಅವನು ಕಾಗದಗಳ ಕಟ್ಟು ಬಿಚ್ಚಿ ಒಂದು ಹಾಳೆ ತೆಗೆದ. ಅದರಲ್ಲಿ ಅವರ ಓಣಿ, ಅವರ ಕಟ್ಟೆ, ಅದರ ಮೇಲೆ ತುಂಬಿಕೊಂಡು ನಿಂತ ಅರಳಿಯ ಚಿತ್ರವಿತ್ತು. ಪಕ್ಕದಲ್ಲಿ ಅಚ್ಚಾಗಿತ್ತು: ಈಗಿರುವ ಮರ ಒಣಗಿದೆ; ತೆಗೆದು, ಅದೇ ಜಾಗದಲ್ಲಿ ಹೊಸ ಅರಳಿ. ಕೋರಿದವರು. ಅದರ ಕೆಳಗೆ ದುಂಡಗೆ, ತಪ್ಪಿಲ್ಲದೆ, ವಾಸುದೇವ.

"ಗಿಡ ಹಸರ ಐತಲ್ಲ ಅಂತ ನನಗೂ ಅನ್ನಿಸಿತ್ರಿ. ಆದರ ನಿಮ್ಮ ಅಕ್ಷರ ನೋಡಿದೆ. ಸರ ಬರದ್ದಾರ ಅಂದ ಮ್ಯಾಲ ವಿಚಾರ ಮಾಡೇ ಬರದಿರತಾರ, ಬೇರಿಗೆ ಏನರ ರೋಗ ಬಂದಿರಬೇಕು ಅಂತ ನಾ ಮತ್ತ ಯಾರನ್ನೂ ಕೇಳಲಿಲ್ರಿ" ಎಂದ ಸಿದ್ದಲಿಂಗೇಶ.

ಸುಮಿತ್ರವ್ವ ಹೂವಿನ ಬುಟ್ಟಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. "ನಾ ಅಡ್ಡ ಕುಂತಿದ್ದೆ ಮಾಸ್ತರ್ರ. ಖರೇನ ಕುಂತಿದ್ದೆ. ನಿಮ್ಮ ಸಹಿ ತೋರಿಸಿದ್ರು. ನಿಮ್ಮ ಮಗ, ನಿಮ್ಮ ಸಹಿ. ನಾ ಯಾವಾಕಿ ನಡಬರಕ ಅಂತ ಎದ್ದೆ" ಎಂದಳು.

ಯಾರನ್ನು ಬೈಯಬೇಕು? ಇದ್ದದ್ದು ಒಂದು ಹಾಳೆ, ಅದರ ಮೇಲೆ ಇದ್ದದ್ದು ಒಂದು ಹೆಸರು. ಮಾಸ್ತರರು ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಹಾಕಿಕೊಂಡು ಆ ಹೆಸರನ್ನು ಓದಿದರು. ಬಹಳ ವರ್ಷ ಮಕ್ಕಳ ಪಾಟಿಯ ಮೇಲೆ ತಪ್ಪು ಹುಡುಕಿದ ಕಣ್ಣಿಗೆ ಅದರಲ್ಲಿ ತಪ್ಪು ಸಿಗಲಿಲ್ಲ.

"ಹೊಸಾದು ಯಾವಾಗ ಹಚ್ಚತೀರಿ?" ಎಂದರು ಕಡೆಗೆ.

ಸಿದ್ದಲಿಂಗೇಶ ಕಾಗದದ ಕಟ್ಟು ಕಟ್ಟುತ್ತ ಕಾಲಿನ ಕಡೆ ನೋಡಿದ. "ಅರಳಿ ಹಚ್ಚಾಕ ಬರಾಂಗಿಲ್ಲ ಅಂತಾರ್ರಿ ಸರ. ಅದರ ಬೇರು ಗಟಾರ ಒಡೀತಾವಂತ. ಸದ್ಯಕ್ಕ ಹಾಸಗಲ್ಲು ಕೂಡ್ರಸೂದೈತಿ. ಮಳಿ ಆದ ಮ್ಯಾಲ ಬ್ಯಾರೆ ಏನರ ನೋಡೋಣು ಅಂದಾರ."

"ಚಿತ್ರದಾಗ ಅರಳಿ ಅದಲ್ಲೋ."

"ಅದು ತೋರಸಾಕ ಇಟ್ಟದ್ರಿ ಸರ."

ಟ್ರ್ಯಾಕ್ಟರು ಹೊರಟಿತು. ಎಳೆ ಎಲೆಗಳು ಓಣಿಯುದ್ದಕ್ಕೂ ಉದುರುತ್ತ ಹೋದವು.

ಮನೆಗೆ ಬಂದ ಮಾಸ್ತರರು ಚಕ್ಕುಲಿಯ ಚೀಲವನ್ನು ಹೊಸ್ತಿಲ ಹೊರಗೇ ಇಟ್ಟು, ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಧೋತರದಲ್ಲೇ ಕಟಾಂಜನದಲ್ಲಿ ಕುಳಿತರು.

"ಕಾಕಾ, ಒಳಗ ಬರ್ರಿ" ಎಂದಳು ಶ್ರೀಲಕ್ಷ್ಮೀ.

"ಹತ್ತು ದಿವಸ ನಾ ಒಳಗ ಬರೂದಿಲ್ಲವಾ. ದೇವರ ಪೂಜಾ ವಿಶ್ರುತಗ ಮಾಡಂತ ಹೇಳು. ನನಗ ಸೂತಕ."

"ಗಿಡಕ್ಕ ಸೂತಕ ಹಿಡೀತಾರೇನ್ರಿ ಕಾಕಾ?"

"ಮುಂಜಿ ಆದ ಮಗ ಹೋದರ ಪೂರ್ತಿ ಹತ್ತು ದಿವಸ. ಅದರಾಗ ಕಡಿಮಿ ಮಾಡಲಿಕ್ಕ ಬರೂದಿಲ್ಲ."

ಶ್ರೀಲಕ್ಷ್ಮೀ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ತಾಟು ಲೋಟವನ್ನು ಕಟಾಂಜನಕ್ಕೇ ತಂದಿಟ್ಟಳು. ವಿಶ್ರುತ ಸಂಜೆ ಬಂದು, ಕಾಕಾನ ಚಾಪೆಯನ್ನು ಕಟಾಂಜನಕ್ಕೆ ತಂದಿಟ್ಟು ಒಳಗೆ ಹೋದ.

ಮರುದಿನ ಮುಂಜಾನೆ ಮಾಸ್ತರರು ಕುಂಬಾರರ ಮನೆಗೆ ಹೋಗಿ ಒಂದು ಘಟ ತಂದರು. ತಳಕ್ಕೆ ತೂತು ಮಾಡಿ, ದರ್ಭೆ ಸಿಕ್ಕಿಸಿ, ಕೊರಳಿಗೆ ಹಗ್ಗ ಕಟ್ಟಿದರು. ಕೈ ತಾನಾಗಿಯೇ ಎಲ್ಲವನ್ನೂ ಮಾಡಿತು. ಹಗ್ಗದ ಗಂಟು ಬಿಗಿದು ಮುಗಿಸಿದ ಮೇಲೆ ಅವರ ಕೈ ನಿಂತಿತು. ಇದನ್ನು ಎಲ್ಲಿ ಕಟ್ಟಬೇಕು?

ಓಣಿಯಲ್ಲಿ ಸತ್ತವರಿಗೆಲ್ಲ ನೀರು ಕುಡಿಸಿದವನು ಅವನೇ. ಅವನಿಗೆ ಕುಡಿಸಲು ಓಣಿಯಲ್ಲಿ ಕೊಂಬೆ ಇರಲಿಲ್ಲ.

ಗದಗಿನ ಕಡೆ ಒಂದು ಗುಡಿಯ ಹಿಂದೆ ದೊಡ್ಡ ಅರಳಿ ಇದೆ ಎಂದು ಅವರಿಗೆ ಗೊತ್ತಿತ್ತು. ಘಟವನ್ನು ಚೀಲದಲ್ಲಿಟ್ಟುಕೊಂಡು ನಡೆದೇ ಹೋದರು. ಅಲ್ಲಿ ಮರದ ಸುತ್ತ ಕಬ್ಬಿಣದ ಕಟಕಟೆ ಹಾಕಿತ್ತು. ಮರ ನೋಡಿಕೊಳ್ಳುವ ಮನುಷ್ಯ ಒಳ್ಳೆಯವನು. ಕುಡಿಯಲು ನೀರು ಕೊಟ್ಟು, ದಾಖಲೆಯ ಪುಸ್ತಕ ತೆಗೆದ.

"ಯಾರು ತೀರಿಕೊಂಡಾರ್ರಿ ಅಜ್ಜಾರ?"

"ಮಗ."

"ಛೇ. ಹೆಸರೇನ್ರಿ?"

"ಅಶ್ವತ್ಥ."

"ವಯಸ್ಸು?"

"ಮೂವತ್ತೆಂಟು."

ಆ ಮನುಷ್ಯ ನಾಲಿಗೆಯಿಂದ ಲೊಚಗುಟ್ಟಿ ಬರೆದುಕೊಂಡ. "ಭಾಳ ಸಣ್ಣ ವಯಸ್ಸು. ಏನಾಗಿತ್ರಿ?"

ಮಾಸ್ತರರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. "ನನ್ನ ಸಹಿಯಿಂದ ಹ್ವಾದ" ಎಂದರು.

"ದಹನ ಎಲ್ಲೆ ಆತ್ರಿ?"

"ದಹನ ಆಗಿಲ್ಲ. ಟ್ರ್ಯಾಕ್ಟರಿನ್ಯಾಗ ಒಯ್ದರು. ಯಾರ ಒಲಿಗೆ ಹೋಗಿದಾನೋ ಗೊತ್ತಿಲ್ಲ."

ಬರೆಯುತ್ತಿದ್ದ ಕೈ ನಿಂತಿತು. ಆ ಮನುಷ್ಯ ಅವರ ಮುಖ ನೋಡಿದ, ಚೀಲ ನೋಡಿದ. ಆಮೇಲೆ ಬಹಳ ಮೆತ್ತಗೆ ಅವರ ತೋಳು ಹಿಡಿದು, "ನಡೀರಿ ಅಜ್ಜಾರ, ಬಿಸಲು ಭಾಳ ಆಗೇತಿ. ಮನಿಯವರು ಹುಡುಕತಿರತಾರ" ಎಂದು ರಸ್ತೆಯವರೆಗೆ ತಂದು ಬಿಟ್ಟ.

ವಾಪಸು ಬರುವಾಗ ಮಾಸ್ತರರಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಲ್ಲಿನ ಕೊಂಬೆಗೆ ನಾಲ್ಕು ಘಟ ಆಗಲೇ ತೂಗುತ್ತಿದ್ದವು. ಅವುಗಳ ಕೆಳಗೆ ಯಾರ ಯಾರದೋ ಮಕ್ಕಳು, ತಂದೆಗಳು ನೀರು ಕುಡಿಯುತ್ತಿದ್ದರು. ಆ ಸಾಲಿನಲ್ಲಿ ತಮ್ಮವನನ್ನು ಪರಕೀಯನಂತೆ ನಿಲ್ಲಿಸಲು ಅವರಿಗೂ ಮನಸ್ಸಾಗಿರಲಿಲ್ಲ. ಆದರೆ ದಿನ ಕಳೆಯುತ್ತಿದ್ದವು. ವೈಶಾಖದ ಬಿಸಿಲು. ಹೋದವನಿಗೆ ಎಷ್ಟು ನೀರಡಿಕೆಯಾಗಿರಬೇಡ. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ ಎಂದು ಅವಳು ಹೇಳಿದ್ದು ಒಂದೇ ಮಾತು, ಎರಡಲ್ಲ.

ಮೂರನೆಯ ದಿನ ವಿದ್ಯಾಶ್ರೀ ಬಂದಳು. ಸುದ್ದಿ ಅವಳಿಗೆ ಯಾರೋ ಮುಟ್ಟಿಸಿದ್ದರು. ಕಟಾಂಜನದ ಕೆಳಗೆ ಬಿಸಿಲಲ್ಲೇ ನಿಂತು ಅತ್ತಳು.

"ಇರೋ ಗಿಡದ ಸುತ್ತ ಗೆರಿ ಹೊಡೀಬೇಕಿತ್ರಿ ಅಜ್ಜಾರ. ಅದರ ಮ್ಯಾಲ ಇನ್ನೊಂದು ಇಟ್ರ, ಹಳೇದು ತಗದು ಅಲ್ಲೇ ಹೊಸಾದು ಹಚ್ಚರಿ ಅಂತ ಅದು ತಿಳಕೋತೈತಿ. ನಿಮಗ ಹೇಳೋದು ನನ್ನ ಕೆಲಸ ಇತ್ತು. ನಾ ಚಾ ಕುಡಕೋತ ಕುಂತೆ."

"ಚಹಾ ಕೊಟ್ಟಾವರು ನಾವು" ಎಂದರು ಮಾಸ್ತರರು. "ಅಳಬ್ಯಾಡ ತಂಗಿ. ನೀನೂ ಏನ ಬೇಕಂತ ಮಾಡಿಲ್ಲ, ನಾನೂ ಬೇಕಂತ ಮಾಡಿಲ್ಲ. ಬೇಕಂತ ಯಾರೂ ಮಾಡಲಾರದ ಆದದ್ದಕ್ಕ ಪ್ರಾಯಶ್ಚಿತ್ತ ಯಾವ ಪುಸ್ತಕದಾಗೂ ಬರದಿಲ್ಲ, ಅದಕ್ಕ ನನಗ ದಾರಿ ತಿಳೀವಲ್ದು."

ಅವರ ಕಾಲ ಬಳಿ ಖಾಲಿ ಘಟ ಇತ್ತು. ಅದು ಏತಕ್ಕೆಂದು ಆಕೆ ಕೇಳಿದಳು. ಮಾಸ್ತರರು ಹೇಳಿದರು. ಕೇಳಿಸಿಕೊಂಡು ವಿದ್ಯಾಶ್ರೀ ಕಣ್ಣೊರೆಸಿಕೊಂಡಳು. ಆಮೇಲೆ, ಹೇಳಬಾರದ್ದನ್ನು ಹೇಳುವವಳಂತೆ, ತಲೆ ತಗ್ಗಿಸಿ ಅಂದಳು.

"ನನ್ನ ಟ್ಯಾಬಿನ್ಯಾಗ ಅಂವ ಇನ್ನೂ ಅದಾನ್ರಿ ಅಜ್ಜಾರ."

ಮಾಸ್ತರರು ಎದ್ದರು. ಕೊಡದಿಂದ ಘಟಕ್ಕೆ ನೀರು ತುಂಬಿಕೊಂಡರು. ದರ್ಭೆಯ ತುದಿಯಿಂದ ಆಗಲೇ ಹನಿ ಬೀಳತೊಡಗಿತ್ತು. ಬರಿಗಾಲಲ್ಲಿ ಓಣಿ ದಾಟಿ, ಕಟ್ಟೆ ಇದ್ದ ಜಾಗಕ್ಕೆ ಬಂದರು. ಅಲ್ಲಿ ನಿನ್ನೆಯೇ ಕೆಂಪು ಹಾಸುಗಲ್ಲು ಕೂಡಿಸಿ, ನಡುವಿನ ಸಂದುಗಳಿಗೆ ಸಿಮೆಂಟು ತುಂಬಿದ್ದರು. ಬೊಡ್ಡೆ ಎಲ್ಲಿತ್ತೆಂಬ ಗುರುತೂ ಉಳಿದಿರಲಿಲ್ಲ. ಕಲ್ಲು ಕಾದು ಅಂಗಾಲು ಸುಡುತ್ತಿತ್ತು.

"ತೋರಸು" ಎಂದರು.

ವಿದ್ಯಾಶ್ರೀ ಅವರ ಪಕ್ಕದಲ್ಲಿ ನಿಂತು, ಟ್ಯಾಬನ್ನು ಎತ್ತಿ ಬೊಡ್ಡೆ ಇದ್ದ ಕಡೆ ಹಿಡಿದಳು. ಅರಳಿ ನಿಂತಿತ್ತು. ತುಂಬಿಕೊಂಡು, ಹಸಿರಾಗಿ, ಗಾಳಿಯಿಲ್ಲದ ಮಧ್ಯಾಹ್ನದಲ್ಲಿ ಎಲೆ ಅಲುಗಿಸುತ್ತ ನಿಂತಿತ್ತು. ಅದು ಅವರ ಮಗನಲ್ಲ. ಬೊಡ್ಡೆಯ ಮೇಲೆ ಜನಿವಾರವಿರಲಿಲ್ಲ. ಚಿಕ್ಕಂದಿನಲ್ಲಿ ಎಮ್ಮೆ ತಿಕ್ಕಿ ಆಗಿದ್ದ ಗಾಯ ಇರಲಿಲ್ಲ. ಘಟದ ಹಗ್ಗ ಸವೆಸಿದ ಗೆರೆ ಇರಲಿಲ್ಲ. ಯಾರೋ ಎಲ್ಲಿಯೋ ಕುಳಿತು ಬರೆದ ಅರಳಿ. ಆದರೂ ಅದಕ್ಕೆ ಎಡಗಡೆ ತಗ್ಗಿನಲ್ಲಿ ಒಂದು ಕೊಂಬೆ ಇತ್ತು.

ಮಾಸ್ತರರು ಆ ಕೊಂಬೆಯ ಜಾಗವನ್ನು ಕಣ್ಣಿನಲ್ಲಿ ಗುರುತು ಮಾಡಿಕೊಂಡರು. ಅಲ್ಲಿಗೆ ನಡೆದು, ಆಕೆಯ ಕಡೆ ಮುಖ ಮಾಡಿ, ಒಂದು ಹೆಜ್ಜೆ ಬಲಕ್ಕೆ ಸರಿದು, ಹಗ್ಗ ಹಿಡಿದ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದರು.

"ಸರಿ ಬಂತೇನು?"

"ಇನ್ನೊಂದೀಟು ಮ್ಯಾಲರಿ" ಎಂದಳು ಆಕೆ. "ಹಾಂ. ಬಂತರಿ."

ಗಾಜಿನಲ್ಲಿ ಘಟ ಕೊಂಬೆಗೆ ತೂಗುವಂತೆ ಕಾಣುತ್ತಿತ್ತು. ಅದರ ಕೆಳಗೆ ಕೈ ಎತ್ತಿ ನಿಂತ ಮುದುಕನೂ ಕಾಣುತ್ತಿದ್ದ. ಸ್ವಲ್ಪ ಹೊತ್ತು ನೋಡಿ ವಿದ್ಯಾಶ್ರೀ ಟ್ಯಾಬನ್ನು ಕೆಳಗಿಳಿಸಿ ಎದೆಗೆ ಅವುಚಿಕೊಂಡಳು. ಮಾಸ್ತರರು ಅದನ್ನು ಗಮನಿಸಲಿಲ್ಲ. ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿದ್ದವು. ಅಶ್ವತ್ಥ ನಾಮ್ನಃ ಎಂದು ಮಗನ ಹೆಸರನ್ನೂ, ತಮ್ಮ ಗೋತ್ರವನ್ನೂ ಹೇಳಿದರು. ಮುಂದಿನ ಮಂತ್ರ ತಂದೆಗಾಗಿ ಮಗ ಹೇಳುವ ಮಂತ್ರ. ಮಗನಿಗಾಗಿ ತಂದೆ ಹೇಳುವಾಗ ಎಲ್ಲಿ ತಿರುಗಿಸಿಕೊಳ್ಳಬೇಕೆಂದು ಅವರಿಗೆ ಗೊತ್ತಿತ್ತು, ಆದರೆ ನಾಲಿಗೆ ತಿರುಗಲಿಲ್ಲ.

ಹನಿ ಬಿದ್ದವು. ಬಿದ್ದಲ್ಲಿ ಹಾಸುಗಲ್ಲಿನ ಮೇಲೆ ಒಂದೊಂದು ಕಪ್ಪು ಬೊಟ್ಟು ಮೂಡಿ, ಮುಂದಿನ ಹನಿ ಬೀಳುವ ಮೊದಲೇ ಆರಿಹೋಗುತ್ತಿತ್ತು. 

ಎತ್ತಿ ಹಿಡಿದ ಕೈಗಳು ಸೋತು ಕೆಳಗಿಳಿಯತೊಡಗಿದವು. ಗೋಡೆಯ ಮಗ್ಗುಲಿಗೆ ಕೊಡೆ ಹಿಡಿದು ಕುಳಿತಿದ್ದ ಸುಮಿತ್ರವ್ವ ಎದ್ದು ಬಂದು, ಅವರ ಮೊಣಕೈಗಳ ಕೆಳಗೆ ತನ್ನ ಎರಡೂ ಅಂಗೈ ಕೊಟ್ಟು ನಿಂತಳು. ಓಣಿಯ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಯಾರೂ ನಗಲಿಲ್ಲ. ಘಟದ ನೀರು ಪೂರ್ತಿ ತೀರುವವರೆಗೆ ಅವರು ಹಾಗೆಯೇ ನಿಂತರು.

ಖಾಲಿಯಾದ ಮೇಲೆ ಸುಮಿತ್ರವ್ವ ಘಟವನ್ನು ಮೆಲ್ಲಗೆ ಇಳಿಸಿಕೊಂಡಳು.

"ನೀರ ಒಳಗ ಇಳೀತೇನು?" ಎಂದು ಕೇಳಿದರು ಮಾಸ್ತರರು. ಅವರ ಕಣ್ಣಿಗೆ ಬೆವರು ಇಳಿದಿತ್ತು.

ಸುಮಿತ್ರವ್ವ ಕೆಳಗೆ ನೋಡಿದಳು. ಕಲ್ಲು ಒಣಗಿತ್ತು.

"ಇಲ್ರಿ ಮಾಸ್ತರ್ರ."

ಅವರು ತಲೆಯಾಡಿಸಿದರು. ಘಟವನ್ನು ಆಕೆಯ ಕೈಯಿಂದ ತೆಗೆದುಕೊಂಡು, ದರ್ಭೆ ಸರಿಯಾಗಿ ಸಿಕ್ಕಿಸಿ, ಕಂಕುಳಲ್ಲಿ ಇಟ್ಟುಕೊಂಡರು.

"ತಂಗಿ, ನಾಳೆ ಇದ ಹೊತ್ತಿಗೆ ಬಾ" ಎಂದರು ವಿದ್ಯಾಶ್ರೀಗೆ. "ಇನ್ನ ಏಳು ದಿವಸ ಅವ."